ಅಂಚಿನಲ್ಲಿ ನಿಂತ ಚಿಕ್ಕಪ್ಪ ಯಾಕೆ ಮಸುಕು? ವೈಡ್ ಆ್ಯಂಗಲ್ ಲೆನ್ಸಿನ ಫೋಕಸ್ ಬಾಗು ಕಂಡುಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಕಡೆ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿದ ಮೇಲೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಗುಂಪು ಫೋಟೋ ತೆಗೆದೆ. ಜಾಗ ಕಡಿಮೆ. ಹಿಂದೆ ಸರಿದರೆ ತೋಟದ ಬೇಲಿ ಬೆನ್ನಿಗೆ ತಾಗುತ್ತಿತ್ತು. ಹಾಗಾಗಿ ಹತ್ತಿರದಿಂದಲೇ ಅಗಲವಾದ ದೃಶ್ಯ ಹಿಡಿಯುವ 24 ಎಂಎಂ ವೈಡ್ ಲೆನ್ಸು ಹಾಕಿದೆ. ಮೋಡ ಕವಿದಿದ್ದರಿಂದ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು, ಎಫ್/2.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು). ನಡುವೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಕಣ್ಣಿಗೆ ಫೋಕಸ್, ದೂರ ಸುಮಾರು 4 ಮೀಟರ್. ಸುಮ್ನೆ ಅಂದಾಜಿನ ಮೇಲೆ ತೆಗೆದದ್ದಲ್ಲ. ಫೋನಿನಲ್ಲಿರುವ ಡೆಪ್ತ್ ಆಫ್ ಫೀಲ್ಡ್ ಆ್ಯಪ್ ನೋಡಿಕೊಂಡೇ ತೆಗೆದೆ. ಎರಡೂವರೆ ಮೀಟರಿನಿಂದ ಒಂಬತ್ತೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ ಅಂತ ಅದು ಹೇಳಿತ್ತು. ಜನ ನಿಂತಿದ್ದದ್ದು ಒಂದೇ ಸಾಲು.

ಆಲ್ಬಂಗೆ 12×36 ಇಂಚಿನ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದ ಮೇಲೆ ಬಣ್ಣ ಬಯಲಾಯಿತು. ಅಜ್ಜಿಯ ಮೂಗುತಿಯ ಹರಳು ಎಣಿಸಬಹುದು. ಬಲ ತುದಿಯಲ್ಲಿ ನಿಂತಿದ್ದ ಚಿಕ್ಕಪ್ಪನ ಮುಖ ಮಾತ್ರ ನೆನೆಸಿಟ್ಟ ಅವಲಕ್ಕಿ. ಲೆನ್ಸು ಕೆಟ್ಟಿದೆ ಅಂದುಕೊಂಡು ರಿಪೇರಿ ಅಂಗಡಿಗೆ ಹೋದೆ. ಅವರೂ ‘ಹೌದು, ಒಳಗಿನ ಗಾಜು ಸರಿದಿದೆ’ ಅಂದರು. ದುಡ್ಡು ಕೊಟ್ಟು ಬಂದೆ. ಲೆನ್ಸು ಮೊದಲು ಹೇಗಿತ್ತೋ ಹಾಗೇ ಇತ್ತು.

ಆಮೇಲೊಂದು ದಿನ ಅದೇ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಚಿಕ್ಕಪ್ಪನಿಗಿಂತ ಎರಡು ಮೂರು ಅಡಿ ಈಚೆ, ಫ್ರೇಮಿನ ಮೂಲೆಯಲ್ಲಿ, ಕುಂಡದಲ್ಲಿ ಒಂದು ಕ್ರೋಟನ್ ಗಿಡ ಇತ್ತು. ಅದರ ಎಲೆಯ ನರ ನರವೂ ಸ್ಪಷ್ಟ! ಅಂದರೆ ಮೂಲೆಯಲ್ಲಿ ಲೆನ್ಸು ಚೆನ್ನಾಗಿಯೇ ಕೆಲಸ ಮಾಡಿದೆ. ಆದರೆ ಅಲ್ಲಿ ಫೋಕಸ್ ಬಿದ್ದದ್ದು ನಾನು ಅಂದುಕೊಂಡ ದೂರಕ್ಕಲ್ಲ. ನಡುವೆ 4 ಮೀಟರಿಗೆ ನಿಂತ ಫೋಕಸ್, ಅಂಚಿನಲ್ಲಿ 3 ಮೀಟರಿಗೆ ಬಾಗಿ ಬಂದಿದೆ. ಇದಕ್ಕೆ ಫೀಲ್ಡ್ ಕರ್ವೇಚರ್ ಅನ್ನುತ್ತಾರೆ. ನಾನು ‘ಫೋಕಸ್ ಬಾಗು’ ಅಂತ ಕರೆಯುತ್ತೇನೆ.

ವೈಡ್ ಆ್ಯಂಗಲ್ ಲೆನ್ಸು ಇಟ್ಟುಕೊಂಡವರು ತಮ್ಮ ಲೆನ್ಸಿನ ಬಾಗನ್ನು ಒಮ್ಮೆ ಪರೀಕ್ಷಿಸಿ ನೋಡಿಕೊಳ್ಳಬೇಕು. ಅರ್ಧ ದಿನದ ಕೆಲಸ. ಖರ್ಚಿಲ್ಲ.

ಆ್ಯಪ್ ಎಲ್ಲಿ ತಪ್ಪುತ್ತದೆ

ಡೆಪ್ತ್ ಆಫ್ ಫೀಲ್ಡ್ ಅಂದರೆ ಫೋಕಸ್ ಮಾಡಿದ ಜಾಗದ ಹಿಂದೆ ಮುಂದೆ ಎಷ್ಟು ದೂರದವರೆಗೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ ಅನ್ನುವ ಲೆಕ್ಕ. ಇದು ನಿಮಗೆಲ್ಲ ಗೊತ್ತಿರುವುದೇ. ಅಪರ್ಚರ್ ಕಿರಿದು ಮಾಡಿದರೆ ಜಾಸ್ತಿ, ದೂರ ಹೋದರೆ ಜಾಸ್ತಿ, ವೈಡ್ ಲೆನ್ಸಾದರೆ ಇನ್ನೂ ಜಾಸ್ತಿ. ಈ ಆ್ಯಪ್‌ಗಳು, ಹಳೆಯ ಲೆನ್ಸುಗಳ ಮೇಲೆ ಕೊರೆದಿರುವ ಗೆರೆಗಳು, ಎಲ್ಲವೂ ಎರಡು ಮಾತನ್ನು ನಂಬಿ ಲೆಕ್ಕ ಹಾಕುತ್ತವೆ.

ಒಂದನೆಯದು 0.03 ಮಿಲಿಮೀಟರ್. ಫುಲ್ ಫ್ರೇಮ್, ಅಂದರೆ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, ಸೆನ್ಸಾರಿನ ಮೇಲೆ ಒಂದು ಚುಕ್ಕಿ 0.03 ಮಿ.ಮೀ. ಅಗಲಕ್ಕೆ ಹರಡಿಕೊಂಡರೂ ಅದು ‘ಸ್ಪಷ್ಟ’ ಅಂತ ಒಪ್ಪಿಕೊಂಡು ಲೆಕ್ಕ ಮಾಡುತ್ತಾರೆ. ಇದು ಫಿಲ್ಮ್ ಕಾಲದ ಅಳತೆ. 8×10 ಇಂಚಿನ ಪ್ರಿಂಟನ್ನು ಒಂದಡಿಗಿಂತ ಕೊಂಚ ಹತ್ತಿರದಿಂದ ನೋಡಿದರೆ ಅಷ್ಟು ಮಸುಕು ಗೊತ್ತಾಗುವುದಿಲ್ಲ ಅಂತ. ಈಗ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದ ಒಂದು ಪಿಕ್ಸೆಲ್ ಅಗಲ 0.006 ಮಿ.ಮೀ. ಅಂದರೆ ಆ್ಯಪ್ ‘ಸ್ಪಷ್ಟ’ ಅನ್ನುವ ಗಡಿಯಲ್ಲಿ ಒಂದು ಚುಕ್ಕಿ ಐದು ಪಿಕ್ಸೆಲ್ ಅಗಲಕ್ಕೆ ಹರಡಿರುತ್ತದೆ. ಮಾನಿಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡುವ ಚಟ ಇದ್ದವರಿಗೆ (ನಮಗೆಲ್ಲ ಇದೆ, ಅಲ್ವಾ?) ಅದು ಮಸುಕೇ.

ಎರಡನೆಯ ನಂಬಿಕೆ, ಫೋಕಸ್ ಬೀಳುವ ಜಾಗ ಗೋಡೆಯ ಹಾಗೆ ನೆಟ್ಟಗೆ ಇದೆ ಅನ್ನುವುದು. ಕ್ಯಾಮೆರಾದ ಎದುರು 4 ಮೀಟರಿನಲ್ಲಿ ಒಂದು ಗಾಜಿನ ಹಾಳೆ ನಿಲ್ಲಿಸಿದ ಹಾಗೆ, ನಡುವಲ್ಲೂ ನಾಲ್ಕು, ತುದಿಯಲ್ಲೂ ನಾಲ್ಕು. ನಿಜವಾದ ಲೆನ್ಸುಗಳಲ್ಲಿ ಆ ಹಾಳೆ ಬಾಗಿರುತ್ತದೆ. ಕೆಲವದರಲ್ಲಿ ತುದಿಗಳು ನಮ್ಮ ಕಡೆಗೆ ಬಾಗುತ್ತವೆ, ಕೆಲವದರಲ್ಲಿ ಆಚೆಗೆ. ಇನ್ನು ಕೆಲವದರಲ್ಲಿ ಮೊದಲು ಆಚೆ ಹೋಗಿ ಮತ್ತೆ ಈಚೆ ಬಂದು, ಹುರಿಮೀಸೆಯ ಆಕಾರ.

ಬಾಗು ಹುಟ್ಟುವುದು ಗಾಜಿನ ಗುಣದಿಂದಲೇ. ಒಂದೇ ಒಂದು ಉಬ್ಬುಗಾಜು ಮೂಡಿಸುವ ಚಿತ್ರ ಬಟ್ಟಲಿನ ಒಳಮೈ ಹಾಗೆ ಬಾಗಿರುತ್ತದೆ. ನಮ್ಮ ಕಣ್ಣಿಗೆ ಅದು ತೊಂದರೆಯಲ್ಲ. ಕಣ್ಣಿನ ಹಿಂದಿನ ಪರದೆಯೂ ಬಟ್ಟಲಿನ ಹಾಗೇ ಇದೆ. ತೊಂದರೆ ಬರುವುದು ಫಿಲ್ಮು, ಸೆನ್ಸಾರು ಚಪ್ಪಟೆಯಾಗಿರುವುದರಿಂದ. ಒಮ್ಮೆ ಬಳಸಿ ಬಿಸಾಡುವ ಫಿಲ್ಮ್ ಕ್ಯಾಮೆರಾಗಳನ್ನು ಬಿಚ್ಚಿ ನೋಡಿದ್ದೀರಾ? ಅದರಲ್ಲಿ ಫಿಲ್ಮು ಕೂರುವ ಜಾಗವನ್ನೇ ಬಾಗಿಸಿರುತ್ತಾರೆ. ಅಗ್ಗದ ಪ್ಲಾಸ್ಟಿಕ್ ಲೆನ್ಸನ್ನು ತಿದ್ದುವುದಕ್ಕಿಂತ ಫಿಲ್ಮನ್ನು ಬಗ್ಗಿಸುವುದು ಸುಲಭ. ಜಾಣತನ ಅಂದರೆ ಇದು.

ಈ ಬಾಗಿನ ಲೆಕ್ಕ ಹಿಡಿದವರು ವಿಯೆನ್ನಾದಲ್ಲಿದ್ದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್. 1840ರಲ್ಲಿ ಅವರು ಲೆಕ್ಕ ಹಾಕಿ ರೂಪಿಸಿದ ಪೋರ್ಟ್ರೇಟ್ ಲೆನ್ಸಿನಲ್ಲಿ ನಡು ಭಾಗ ಚೂಪು, ಅಂಚು ಮಾತ್ರ ಬಾಗಿ ಮಸುಕು. ಮುಖದ ಚಿತ್ರಕ್ಕೆ ಅಷ್ಟು ಸಾಕಿತ್ತು. ಇವತ್ತಿಗೂ ಲೆನ್ಸಿನ ಮೂಲ ಬಾಗಿಗೆ ಅವರದೇ ಹೆಸರು. ಆಮೇಲೆ ಬಂದವರು ಉಬ್ಬುಗಾಜಿನ ಜೊತೆ ತಗ್ಗುಗಾಜು ಸೇರಿಸಿ ಒಂದರ ಬಾಗನ್ನು ಇನ್ನೊಂದರಿಂದ ಕಳೆಯುತ್ತಾ ಬಂದರು. ಆದರೆ ಪೂರ್ತಿ ಸೊನ್ನೆ ಆಗುವುದು ಅಪರೂಪ. ವೈಡ್ ಲೆನ್ಸಿನಲ್ಲಿ ಉಳಿದುಕೊಂಡ ಚೂರೇ ಹೊರಗೆ ದೊಡ್ಡದಾಗಿ ಕಾಣುತ್ತದೆ.

ಎಷ್ಟು ದೊಡ್ಡದು ಅಂತ ನೋಡಿ. ನನ್ನ ಗುಂಪು ಫೋಟೋದಲ್ಲಿ 4 ಮೀಟರ್ ಇದ್ದದ್ದು 3 ಮೀಟರ್ ಆಯಿತಲ್ಲ, ಅದಕ್ಕೆ ಕ್ಯಾಮೆರಾದ ಒಳಗೆ ಚಿತ್ರ ಬಾಗಬೇಕಾದದ್ದು ಬರೀ 0.05 ಮಿಲಿಮೀಟರ್. ಪ್ರಿಂಟರಿಗೆ ಹಾಕುವ ಹಾಳೆಯ ಅರ್ಧ ದಪ್ಪ! ಇದೇ ಲೆನ್ಸನ್ನು ನಡುವಿನಲ್ಲಿ ಅನಂತಕ್ಕೆ, ಅಂದರೆ ದೂರದ ಬೆಟ್ಟಕ್ಕೆ, ಫೋಕಸ್ ಮಾಡಿದರೆ ಅಷ್ಟೇ ಬಾಗಿಗೆ ಮೂಲೆಯ ಫೋಕಸ್ 12 ಮೀಟರಿಗೆ ಬಂದು ಕೂರುತ್ತದೆ. 16 ಎಂಎಂ ಆದರೆ ಐದು ಮೀಟರ್ ಚಿಲ್ಲರೆ. ಅದೇ 100 ಎಂಎಂ ಲೆನ್ಸಿನಲ್ಲಿ ಅಷ್ಟೇ ಬಾಗಿದ್ದರೆ 200 ಮೀಟರ್. ಟೆಲಿ ಲೆನ್ಸಿನವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳದೆ ಇರುವುದು ಅದಕ್ಕೇ.

ಕಣದಲ್ಲಿ ಪರೀಕ್ಷೆ

ತುಂಬಾ ಜನ ಇಟ್ಟಿಗೆ ಗೋಡೆಯ ಫೋಟೋ ತೆಗೆದು ಲೆನ್ಸು ಪರೀಕ್ಷೆ ಮಾಡುತ್ತಾರೆ. ಮೂಲೆ ಮಸುಕು ಅಂತ ಗೋಡೆ ಹೇಳುತ್ತದೆ, ಯಾಕೆ ಮಸುಕು ಅಂತ ಹೇಳುವುದಿಲ್ಲ. ಫೋಕಸ್ ಎತ್ತ ಬಾಗಿದೆ ಅಂತ ತಿಳಿಯಬೇಕಾದರೆ ನೆಲದ ಫೋಟೋ ತೆಗೆಯಬೇಕು.

ಬೇಕಾದದ್ದು ಸಮತಟ್ಟಾದ, ಎಲ್ಲ ಕಡೆ ಒಂದೇ ಥರ ಚುಕ್ಕಿ ಚುಕ್ಕಿಯಾಗಿರುವ ಜಾಗ. ಕ್ರಿಕೆಟ್ ಆಡುವ ಮೈದಾನದ ಗಿಡ್ಡ ಹುಲ್ಲು, ಮನೆ ಕಟ್ಟುವ ಕಡೆ ಹರಡಿದ ಸಣ್ಣ ಜಲ್ಲಿ, ಅಡಿಕೆ ಒಣಗಿಸುವ ಅಂಗಳ, ಯಾವುದಾದರೂ ಆದೀತು. ನನಗೆ ಸಿಕ್ಕಿದ್ದು ಕಾಫಿ ಕಣ. ಜನವರಿ ತಿಂಗಳು, ಅರ್ಧ ಒಣಗಿ ಕಪ್ಪು ತಿರುಗಿದ ಹಣ್ಣನ್ನು ಸಿಮೆಂಟ್ ಕಣದ ಉದ್ದಗಲಕ್ಕೆ ತೆಳ್ಳಗೆ ಹರವಿದ್ದರು. ಬೆಳಗಿನ ಓರೆ ಬಿಸಿಲಿಗೆ ಒಂದೊಂದು ಹಣ್ಣಿಗೂ ಒಂದೊಂದು ನೆರಳು. ಇದಕ್ಕಿಂತ ಒಳ್ಳೆಯ ಟೆಸ್ಟ್ ಚಾರ್ಟ್ ದುಡ್ಡು ಕೊಟ್ಟರೂ ಸಿಗುವುದಿಲ್ಲ. ದೊಡ್ಡಮ್ಮ ಹೊರಗೆ ಬಂದು, ‘ಏನೋ ಅದು, ಬರೀ ಹಣ್ಣಿನ ಫೋಟೋ ಹೊಡೀತಿದ್ದೀಯ? ಯಾರಿಗೋ ಬೇಕು?’ ಅಂದರು. ‘ಚಿಕ್ಕಪ್ಪನಿಗೆ, ದೊಡ್ಡಮ್ಮ’ ಅಂದೆ.

ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಎದೆಮಟ್ಟಕ್ಕೆ ನಿಲ್ಲಿಸಿ. ಸ್ವಲ್ಪ ಕೆಳಗೆ ಬಗ್ಗಿಸಿ, ಫ್ರೇಮಿನ ತುಂಬ ನೆಲವೇ ಇರಲಿ. ಎಡಕ್ಕೂ ಬಲಕ್ಕೂ ವಾಲದ ಹಾಗೆ ಲೆವೆಲ್ ನೋಡಿಕೊಳ್ಳಿ. ಇದು ಮುಖ್ಯ. ಕ್ಯಾಮೆರಾ ವಾಲಿದ್ದರೆ ಕೊನೆಗೆ ಲೆನ್ಸಿನ ಮೇಲೆ ತಪ್ಪು ಹೊರಿಸುತ್ತೀರಿ.

ಅಪರ್ಚರ್ ಪೂರ್ತಿ ತೆರೆಯಿರಿ. ಎಫ್/2.8 ಲೆನ್ಸಾದರೆ ಎಫ್/2.8. ಐಎಸ್ಒ (ಬೆಳಕಿಗೆ ಸೆನ್ಸಾರಿನ ಸಂವೇದನೆ) 100. ಆಟೋಫೋಕಸ್ ಆಫ್ ಮಾಡಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಫ್ರೇಮಿನ ಸರಿ ನಡುವನ್ನು ದೊಡ್ಡದು ಮಾಡಿಕೊಂಡು ಸುಮಾರು 3 ಮೀಟರ್ ದೂರದ ಜಾಗಕ್ಕೆ ಕೈಯಲ್ಲೇ ಫೋಕಸ್ ಮಾಡಿ. ನಾನು ಆ ಜಾಗದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟುಕೊಂಡಿದ್ದೆ. ಎರಡು ಸೆಕೆಂಡಿನ ಟೈಮರ್ ಹಾಕಿ ಕ್ಲಿಕ್.

ಈಗ ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿ. ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಹಣ್ಣು ಬರೀ ಹಣ್ಣಾಗಿಯೇ ಕಾಣುತ್ತದೆ. ಫೋಟೋಶಾಪ್ ಇದ್ದರೆ ಫಿಲ್ಟರ್ ಮೆನುವಿನ ಸ್ಟೈಲೈಜ್ ಅಡಿಯಲ್ಲಿ ಫೈಂಡ್ ಎಡ್ಜಸ್ ಒತ್ತಿ. ಪುಕ್ಕಟೆ ಸಿಗುವ ಗಿಂಪ್‌ನಲ್ಲಾದರೆ ಎಡ್ಜ್ ಡಿಟೆಕ್ಟ್ ಅಂತ ಇದೆ. ಈ ಫಿಲ್ಟರು ಚೂಪಾದ ಅಂಚುಗಳನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಅಳಿಸುತ್ತದೆ. ಫೋಟೋಶಾಪಿನಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪು ಪಟ್ಟಿ ಮೂಡಿದ ಹಾಗೆ ಕಾಣುತ್ತದೆ, ಗಿಂಪ್‌ನಲ್ಲಿ ಕಪ್ಪಿನ ಮೇಲೆ ಬೆಳಕಿನ ಪಟ್ಟಿ. ಆ ಪಟ್ಟಿಯೇ ನಿಮ್ಮ ಲೆನ್ಸಿನ ಫೋಕಸ್ ನೆಲಕ್ಕೆ ತಾಗಿದ ಜಾಗ. ಪಟ್ಟಿ ಮಂಕಾಗಿದ್ದರೆ ಕಾಂಟ್ರಾಸ್ಟ್ ಏರಿಸಿ.

ಮೊದಲ ಸಲ ಅದನ್ನು ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೆಟ್ಟಗೆ ಅಡ್ಡಗೆರೆ ಇರಬೇಕಾದ ಕಡೆ ಒಂದು ಕುಡುಗೋಲು ಬಿದ್ದಿತ್ತು. ನಡುವೆ ಬೆಂಕಿಪೊಟ್ಟಣದ ಹತ್ತಿರ 3 ಮೀಟರ್. ಎರಡೂ ತುದಿ ಬಾಗಿ ಕೆಳಗೆ ಇಳಿದು, ನನ್ನ ಕಡೆಗೆ ಎರಡಡಿ ಹತ್ತಿರ ಬಂದಿದ್ದವು.

ಪಟ್ಟಿಯನ್ನು ಹೀಗೆ ಓದಿಕೊಳ್ಳಿ. ನೆಟ್ಟಗೆ ಅಡ್ಡಕ್ಕೆ ಇದ್ದರೆ ನಿಮ್ಮ ಲೆನ್ಸು ಚಪ್ಪಟೆ, ಪುಣ್ಯ ಮಾಡಿದ್ದೀರಿ. ತುದಿಗಳು ಫ್ರೇಮಿನಲ್ಲಿ ಕೆಳಗೆ ಇಳಿದು ಕಾಮನಬಿಲ್ಲಿನ ಹಾಗೆ ಕಂಡರೆ ಬಾಗು ನಿಮ್ಮ ಕಡೆಗೆ. ತುದಿಗಳು ಮೇಲಕ್ಕೆ ಎದ್ದು ತೊಟ್ಟಿಲಿನ ಹಾಗೆ ಕಂಡರೆ ಬಾಗು ಆಚೆಗೆ. ಮೀಸೆಯಾದರೆ ಮೀಸೆ. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಇದ್ದರೆ ಮಾತ್ರ ಅನುಮಾನ ಪಡಿ. ಅದು ಬಾಗಲ್ಲ, ಓರೆ. ಒಳಗಿನ ಗಾಜು ನಿಜವಾಗಿಯೂ ಸರಿದಿರಬಹುದು, ಅಥವಾ ಕಣವೇ ಇಳಿಜಾರಾಗಿರಬಹುದು. ಯಾವುದು ಅಂತ ತಿಳಿಯಲು ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೊಂದು ಫೋಟೋ ತೆಗೆಯಿರಿ. ಕಣದಲ್ಲಿ ನಿಂತು ನೋಡಿದಾಗ ಮೊದಲು ಎಡಕ್ಕಿದ್ದ ದೋಷ ಈಗ ಬಲಕ್ಕೆ ಬಂದರೆ ಲೆನ್ಸಿನ ತಪ್ಪು. ಎಡದಲ್ಲೇ ಉಳಿದರೆ ನೆಲದ ತಪ್ಪು. ಇದೊಂದು ತಿಳಿದಿದ್ದರೆ ಅವತ್ತು ರಿಪೇರಿಗೆ ಕೊಟ್ಟ ದುಡ್ಡು ಉಳಿಯುತ್ತಿತ್ತು.

ಒಂದೇ ಫೋಟೋಕ್ಕೆ ನಿಲ್ಲಿಸಬೇಡಿ. ಬಾಗು ದೂರದ ಜೊತೆ ಬದಲಾಗುತ್ತದೆ. 1 ಮೀಟರಿಗೆ ಒಮ್ಮೆ, ಅನಂತಕ್ಕೆ ಒಮ್ಮೆ ಫೋಕಸ್ ಮಾಡಿ ತೆಗೆಯಿರಿ. ಅನಂತಕ್ಕೆ ತೆಗೆಯುವಾಗ ಕ್ಯಾಮೆರಾ ಮೇಲೆತ್ತಿ ದೊಡ್ಡ ಬಯಲು ಕಾಣುವ ಹಾಗೆ ಇಟ್ಟರೆ, ಮೂಲೆಯ ಪಟ್ಟಿ ಎಷ್ಟು ಹತ್ತಿರಕ್ಕೆ ಇಳಿಯುತ್ತದೆ ಅಂತ ಕಾಣುತ್ತದೆ. ಜೂಮ್ ಲೆನ್ಸಾದರೆ ಎರಡೂ ತುದಿ, ನಡುವೆ ಒಂದು. ಒಂದೇ ಜೂಮ್ 16ರಲ್ಲಿ ಕಾಮನಬಿಲ್ಲು, 35ರಲ್ಲಿ ತೊಟ್ಟಿಲು ಆಗುವುದೂ ಉಂಟು. ನಿಕಾನ್ 1967ರಲ್ಲಿ ತಂದ 24 ಎಂಎಂ ಎಫ್/2.8 ಲೆನ್ಸಿನಲ್ಲಿ ಹತ್ತಿರಕ್ಕೆ ಫೋಕಸ್ ಮಾಡಿದಾಗ ಒಳಗಿನ ಗಾಜುಗಳ ನಡುವಿನ ಅಂತರವೂ ಬದಲಾಗುವ ಏರ್ಪಾಡು ಮಾಡಿದ್ದು ಈ ದೂರದ ಕಾಟಕ್ಕೇ. 1970ರ ದಶಕದಲ್ಲಿ ಮಿನೋಲ್ಟಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾಗನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳಲು ಒಂದು ರಿಂಗನ್ನೇ ಕೊಟ್ಟಿತ್ತು. ಅದೂ 24 ಎಂಎಂ. ಅಂಥದ್ದೊಂದನ್ನು ಒಮ್ಮೆ ತಿರುಗಿಸಿ ನೋಡುವ ಆಸೆ ನನಗಿದೆ.

ಕೊನೆಗೆ ಅಪರ್ಚರ್ ಎಫ್/5.6, ಎಫ್/8, ಎಫ್/11 ಮಾಡುತ್ತಾ ಅದೇ ಫೋಟೋ ತೆಗೆಯಿರಿ. ಪಟ್ಟಿ ಅಗಲವಾಗುತ್ತಾ ಹೋಗುತ್ತದೆ. ಬಾಗು ಹೋಗುವುದಿಲ್ಲ, ಪಟ್ಟಿ ದಪ್ಪವಾಗಿ ಅದನ್ನು ಮುಚ್ಚಿಕೊಳ್ಳುತ್ತದೆ ಅಷ್ಟೇ. ನನ್ನ ಲೆನ್ಸಿನಲ್ಲಿ ಎಫ್/8ಕ್ಕೆ ಕುಡುಗೋಲು ಮರೆಯಾಗಿ ಬಾಳೆ ಎಲೆಯಾಯಿತು.

ಮೂಲೆ ಮಸುಕಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಹಾಗಾಗಿ ಇನ್ನೊಂದು ಸಣ್ಣ ಪರೀಕ್ಷೆ. ಗೋಡೆಯ ಎದುರು ನಿಂತು ಮೊದಲು ನಡುವಿಗೆ ಫೋಕಸ್ ಮಾಡಿ ಒಂದು ಫೋಟೋ. ಕ್ಯಾಮೆರಾ ಅಲುಗಿಸದೆ ಮೂಲೆಗೆ ಫೋಕಸ್ ಮಾಡಿ ಇನ್ನೊಂದು. ಎರಡನೆಯದರಲ್ಲಿ ಮೂಲೆ ಚೂಪಾದರೆ ಅದು ಬಾಗು, ಅದರ ಜೊತೆ ಹೊಂದಿಕೊಂಡು ಬಾಳಬಹುದು. ಎಷ್ಟು ತಿರುಗಿಸಿದರೂ ಮೂಲೆ ಚೂಪಾಗದಿದ್ದರೆ ಅದು ಬೇರೆ ದೋಷ, ಅಪರ್ಚರ್ ಕಿರಿದು ಮಾಡುವುದೊಂದೇ ದಾರಿ.

ಫಿಲ್ಮ್ ಕಾಲದ ಹಳೆಯ ವೈಡ್ ಲೆನ್ಸನ್ನು ಅಡಾಪ್ಟರ್ ಹಾಕಿ ಈಗಿನ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಕೂರಿಸುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಫಿಲ್ಮಿನ ಮುಂದೆ ಗಾಜು ಇರುತ್ತಿರಲಿಲ್ಲ, ಸೆನ್ಸಾರಿನ ಮುಂದೆ ಇರುತ್ತದೆ. ಓರೆಯಾಗಿ ಬರುವ ಬೆಳಕು ಆ ಗಾಜನ್ನು ದಾಟುವಾಗ ಬಾಗು ಇನ್ನೂ ಜಾಸ್ತಿಯಾಗುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾಗಳ ವೈಡ್ ಲೆನ್ಸುಗಳಲ್ಲಂತೂ, ಅವು ಸೆನ್ಸಾರಿಗೆ ತೀರಾ ಹತ್ತಿರ ಕೂರುವುದರಿಂದ, ಎದ್ದು ಕಾಣುತ್ತದೆ.

ಬೆಟ್ಟವೂ ಬೇಕು, ಕಾಲ ಬುಡದ ಬಂಡೆಯೂ ಬೇಕು

ಲ್ಯಾಂಡ್‌ಸ್ಕೇಪ್ ತೆಗೆಯುವವರಿಗೆಲ್ಲ ಹೈಪರ್‌ಫೋಕಲ್ ದೂರ ಬಾಯಿಪಾಠ. ಆ ದೂರಕ್ಕೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಅನಂತದವರೆಗೆ ಎಲ್ಲ ಸ್ಪಷ್ಟ ಅಂತ ಲೆಕ್ಕ. ಫುಲ್ ಫ್ರೇಮಿನಲ್ಲಿ 24 ಎಂಎಂ, ಎಫ್/8 ಆದರೆ 2.4 ಮೀಟರ್. 16 ಎಂಎಂ ಆದರೆ ಒಂದು ಮೀಟರ್ ಚಿಲ್ಲರೆ. 35 ಎಂಎಂ ಆದರೆ 5.1 ಮೀಟರ್. ಕ್ರಾಪ್ ಸೆನ್ಸಾರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸಾರಿನ) ಕ್ಯಾಮೆರಾದಲ್ಲಿ, ಜೊತೆಗೇ ಬರುವ ಕಿಟ್ ಲೆನ್ಸಿನ 18 ಎಂಎಂ, ಎಫ್/8ಕ್ಕೆ ಸುಮಾರು 2 ಮೀಟರ್.

ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಕಾಲ ಹತ್ತಿರ ಬಂಡೆ, ದೂರದಲ್ಲಿ ವಿರೂಪಾಕ್ಷನ ಗೋಪುರ, ಅದರಾಚೆ ಬೆಟ್ಟಗಳ ಸಾಲು. ನನ್ನ 24ರ ಹಾಗೆ ತುದಿ ಈಚೆಗೆ ಬಾಗುವ ಲೆನ್ಸಿನಲ್ಲಿ ಎಫ್/8 ಇಟ್ಟು 2.4 ಮೀಟರಿಗೆ ಫೋಕಸ್ ಮಾಡಿದರೆ ಏನಾಗುತ್ತದೆ? ನಡುವೆ ಲೆಕ್ಕದ ಪ್ರಕಾರವೇ 1.2 ಮೀಟರಿನಿಂದ ಅನಂತದವರೆಗೆ. ಮೂಲೆಯಲ್ಲಿ ಫೋಕಸ್ 2 ಮೀಟರಿಗೆ ಬಂದಿರುತ್ತದೆ. ಅಲ್ಲಿ ಸ್ಪಷ್ಟತೆ 1.1 ಮೀಟರಿನಿಂದ ಶುರುವಾಗಿ 12 ಮೀಟರಿಗೆ ಮುಗಿಯುತ್ತದೆ. ಅಂಚಿನಲ್ಲಿರುವ ಬೆಟ್ಟಗಳು ಮಸುಕು. ಬಂಡೆ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಚೂಪು.

ನಾನು ಈಗ ಮಾಡುವುದು ಇಷ್ಟು: ಆ್ಯಪ್ ಹೇಳಿದ ಹೈಪರ್‌ಫೋಕಲ್ ದೂರದ ಎರಡರಷ್ಟಕ್ಕೆ ಫೋಕಸ್ ಮಾಡುತ್ತೇನೆ. 2.4 ಅಂದರೆ 4.8. ಇದರಿಂದ ದೂರದ ಬೆಟ್ಟದ ಮಸುಕು ಅರ್ಧಕ್ಕೆ ಇಳಿಯುತ್ತದೆ, 0.03 ಇದ್ದದ್ದು 0.015 ಆಗುತ್ತದೆ. ಕಳೆದುಕೊಳ್ಳುವುದು ಎಷ್ಟು? ಹತ್ತಿರದ ಗಡಿ 1.2 ಮೀಟರ್ ಇದ್ದದ್ದು 1.6 ಆಗುತ್ತದೆ. ಬರೀ ಒಂದಡಿ ಚಿಲ್ಲರೆ. ಅರ್ಧ ಹೆಜ್ಜೆ ಹಿಂದೆ ಸರಿದರೆ ಅದೂ ಸರಿಹೋಯಿತು. ಮೂಲೆಯ ಬಾಗನ್ನೂ ಈ ಲೆಕ್ಕ ನುಂಗಿಕೊಳ್ಳುತ್ತದೆ. ಅಲ್ಲಿ ಬೆಟ್ಟದ ಮಸುಕು 0.02ರ ಆಸುಪಾಸಿನಲ್ಲೇ ನಿಲ್ಲುತ್ತದೆ. 0.03 ಅನ್ನುವ ಹಳೆಯ ಅಳತೆ, ಚಪ್ಪಟೆ ಹಾಳೆ ಅನ್ನುವ ನಂಬಿಕೆ, ಎರಡಕ್ಕೂ ಒಂದೇ ಮದ್ದು.

ಫೋಕಸ್ ಬಗ್ಗೆ ಪುಸ್ತಕ ಬರೆದ ಕೆನಡಾದ ಹೆರಾಲ್ಡ್ ಮರ್ಕ್ಲಿಂಗರ್ ಇನ್ನೂ ಧೈರ್ಯದ ದಾರಿ ಹೇಳಿದ್ದಾರೆ. ಸೀದಾ ಅನಂತಕ್ಕೇ ಫೋಕಸ್ ಮಾಡಿ ಅನ್ನುತ್ತಾರೆ. ಆಗ ಹತ್ತಿರದಲ್ಲಿ ಎಷ್ಟು ಚಿಕ್ಕದು ಕಾಣುತ್ತದೆ ಅನ್ನುವುದು ಅಪರ್ಚರಿನ ತೂತಿನ ಅಳತೆಗೆ ಸರಿಯಾಗಿರುತ್ತದೆ. 24 ಎಂಎಂ, ಎಫ್/8 ಅಂದರೆ 3 ಮಿಲಿಮೀಟರಿನ ತೂತು. ಒಂದು ಮೀಟರ್ ದೂರದಲ್ಲಿರಲಿ, ಹತ್ತು ಮೀಟರ್ ದೂರದಲ್ಲಿರಲಿ, 3 ಮಿಲಿಮೀಟರಿಗಿಂತ ದೊಡ್ಡದೆಲ್ಲ ಗುರುತು ಸಿಗುತ್ತದೆ. ಹುಲ್ಲಿನ ಎಸಳು ಗುರುತು ಸಿಕ್ಕೀತು, ಅದರ ಮೇಲಿನ ಇರುವೆಯ ಮೀಸೆ ಸಿಗಲಿಕ್ಕಿಲ್ಲ. ದೂರದ್ದೇ ಮುಖ್ಯವಾದ ಫೋಟೋಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಬಾಗು ಈಚೆಗಿರುವ ಲೆನ್ಸಿನಲ್ಲಿ ನಡುವಿನ ಬೆಟ್ಟಕ್ಕೆ ಫೋಕಸ್ ಮಾಡಬೇಡಿ. ನಡುವಿಗೂ ಮೂಲೆಗೂ ಅರ್ಧ ದಾರಿಯಲ್ಲಿರುವ ಬೆಟ್ಟಕ್ಕೆ ಮಾಡಿ. ನಡು ಎಳ್ಳಷ್ಟು ಬಿಟ್ಟುಕೊಡುತ್ತದೆ, ಅಂಚು ಬಹಳಷ್ಟು ಗಳಿಸುತ್ತದೆ.

‘ಯಾಕೆ ಇಷ್ಟೆಲ್ಲ ತಾಪತ್ರಯ, ಎಫ್/22ಕ್ಕೆ ಇಟ್ಟರೆ ಆಯಿತಲ್ಲ’ ಅನ್ನುವವರಿದ್ದಾರೆ. ತೂತು ತೀರಾ ಕಿರಿದಾದರೆ ಬೆಳಕೇ ಹರಡಿಕೊಳ್ಳುತ್ತದೆ. ಎಫ್/8ಕ್ಕೆ ಒಂದು ಚುಕ್ಕಿ ಹರಡುವುದು ಸುಮಾರು 0.011 ಮಿ.ಮೀ., ಎಫ್/22ಕ್ಕೆ 0.03 ಮಿ.ಮೀ. ಅಂದರೆ ಫ್ರೇಮಿನ ಎಲ್ಲ ಕಡೆ ಸಮನಾಗಿ ಮಸುಕು. ಎಫ್/11 ನನ್ನ ಗಡಿ. ತೀರಾ ಬೇಕಾದರೆ ಎಫ್/16. ಅದಕ್ಕೂ ಸಾಲದಿದ್ದರೆ ಬಂಡೆಗೊಂದು, ಬೆಟ್ಟಕ್ಕೊಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿಕೊಳ್ಳಿ. ಹಾಗೆ ಜೋಡಿಸುವಾಗ ಮೂಲೆಗೆ ಫೋಕಸ್ ಮಾಡಿದ ಮೂರನೆಯ ಫೋಟೋ ಒಂದು ಕೈಯಲ್ಲಿರಲಿ.

ಬಾಗು ಶತ್ರುವೇ ಆಗಬೇಕಿಲ್ಲ. ಎರಡೂ ಕಡೆ ಸಾಲು ಮಂಟಪಗಳಿರುವ ಹಂಪಿ ಬಜಾರಿನ ನಡುವೆ ನಿಂತು ನೋಡಿ. ಅಂಚಿನಲ್ಲಿ ಬರುವ ಕಂಬಗಳು ನಿಮಗೆ ಹತ್ತಿರ, ನಡುವೆ ಬರುವ ಗೋಪುರ ದೂರ. ಈಚೆಗೆ ಬಾಗುವ ಲೆನ್ಸು ಹೇಳಿಮಾಡಿಸಿದ ಹಾಗೆ ಕೂರುತ್ತದೆ. ಕಾಡಿನ ಕಾಲುದಾರಿ, ತೊಟ್ಟಿಮನೆಯ ಜಗಲಿ, ಅಡಿಕೆ ಮರಗಳ ಸಾಲು, ಎಲ್ಲ ಇದೇ ಲೆಕ್ಕ. ನನ್ನ ಲೆನ್ಸನ್ನು ಮಾರದೆ ಇಟ್ಟುಕೊಂಡಿರುವುದು ಇದಕ್ಕೇ. ತೊಟ್ಟಿಲ ಆಕಾರದ ಲೆನ್ಸು ಇದ್ದವರು ಮೂಲೆಯಲ್ಲಿ ಹತ್ತಿರದ ವಸ್ತು ತರದೆ ಇದ್ದರೆ ಒಳ್ಳೆಯದು. ಮುಂದಿನ ಬಂಡೆಯನ್ನು ಫ್ರೇಮಿನ ನಡುಭಾಗಕ್ಕೆ ತಂದುಕೊಳ್ಳಿ.

ಕಷ್ಟ ಕೊಡುವುದು ಚಪ್ಪಟೆ ಗೋಡೆ. ಬೇಲೂರಿನ ಚೆನ್ನಕೇಶವ ದೇವಾಲಯದ ಜಗತಿಯ ಮೇಲೆ ನಿಂತು ಶಿಲ್ಪಗಳ ಸಾಲನ್ನು ನೇರ ಎದುರಿನಿಂದ ತೆಗೆಯುವಾಗ ಆನೆಯ ಸಾಲು ಈ ತುದಿಯಿಂದ ಆ ತುದಿಯವರೆಗೂ ಒಂದೇ ಥರ ಚೂಪಾಗಿರಬೇಕು. ನಡುವಿನ ಆನೆಗೂ ಬೇಡ, ಕೊನೆಯ ಆನೆಗೂ ಬೇಡ. ನಡುವಿನಿಂದ ಅಂಚಿಗೆ ಅರ್ಧ ದಾರಿಯಲ್ಲಿರುವ ಆನೆಗೆ ಫೋಕಸ್ ಮಾಡಿ, ಎಫ್/8. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಬಾಗಿಗಿಂತ ಜಾಸ್ತಿ ಫೋಟೋ ಹಾಳಾಗುವುದು ಓರೆ ನಿಂತದ್ದರಿಂದ.

ನಡುವಿನ ಪಾಯಿಂಟಿನಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಮಾಡಿಕೊಳ್ಳುವ ಹಳೆಯ ಅಭ್ಯಾಸ ಇದ್ದವರಿಗೆ ಒಂದು ಮಾತು. 2 ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿ ಕ್ಯಾಮೆರಾವನ್ನು 30 ಡಿಗ್ರಿ ತಿರುಗಿಸಿದರೆ, ಚಪ್ಪಟೆ ಲೆನ್ಸಿನಲ್ಲಿ ಫೋಕಸ್ ಮುಖಕ್ಕಿಂತ ಸುಮಾರು ಒಂದಡಿ ಹಿಂದೆ ಹೋಗಿರುತ್ತದೆ. ಈಚೆಗೆ ಬಾಗುವ ಲೆನ್ಸಿನಲ್ಲಿ ಈ ತಪ್ಪು ತಾನಾಗಿಯೇ ಕಡಿಮೆಯಾಗುತ್ತದೆ, ಆಚೆಗೆ ಬಾಗುವುದರಲ್ಲಿ ಇನ್ನೂ ಕೆಡುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಈ ಗೊಡವೆಯೇ ಬೇಡ. ಫೋಕಸ್ ಪಾಯಿಂಟನ್ನೇ ಮುಖದ ಮೇಲೆ ಸರಿಸಿ. ಅದು ಸೆನ್ಸಾರಿನ ಮೇಲೆ ಅದೇ ಜಾಗದಲ್ಲಿ ಅಳೆಯುವುದರಿಂದ ಬಾಗೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ರಾತ್ರಿ ಆಕಾಶ ತೆಗೆಯುವವರು ಅಪರ್ಚರ್ ಕಿರಿದು ಮಾಡುವ ಹಾಗಿಲ್ಲ. ಎಫ್/2.8 ಅಂದರೆ ಎಫ್/2.8. ನಡುವಿನ ನಕ್ಷತ್ರ ಬಿಟ್ಟು, ನಡುವಿನಿಂದ ಮೂಲೆಯ ಕಡೆಗೆ ಮೂರನೇ ಒಂದು ಭಾಗ ದೂರದಲ್ಲಿರುವ ಒಂದು ಹೊಳೆಯುವ ನಕ್ಷತ್ರವನ್ನು ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ, ಅದು ಅತೀ ಸಣ್ಣ ಚುಕ್ಕಿಯಾಗುವ ತನಕ ಫೋಕಸ್ ತಿರುಗಿಸಿ. ಮೂಲೆಯ ನಕ್ಷತ್ರ ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಕಾಣುತ್ತಿದ್ದು, ಅದಕ್ಕೇ ಫೋಕಸ್ ಮಾಡಿದರೂ ಹಕ್ಕಿಯಾಗಿಯೇ ಉಳಿದರೆ ಅದು ಬಾಗಲ್ಲ, ಕೋಮಾ ಅನ್ನುವ ಬೇರೆ ದೋಷ.

ಇನ್ನು ಗುಂಪು ಫೋಟೋ. ಈಚೆಗೆ ಬಾಗುವ ಲೆನ್ಸಾದರೆ ಜನರನ್ನು ನೆಟ್ಟಗೆ ಸಾಲಾಗಿ ನಿಲ್ಲಿಸಬೇಡಿ. ತುದಿಯವರನ್ನು ಒಂದೊಂದು ಹೆಜ್ಜೆ ಮುಂದೆ ಕರೆದು ಸ್ವಲ್ಪ ಕಮಾನಿನ ಹಾಗೆ ನಿಲ್ಲಿಸಿ. ಆಚೆಗೆ ಬಾಗುವುದಾದರೆ ತುದಿಯವರು ಅರ್ಧ ಹೆಜ್ಜೆ ಹಿಂದೆ. ಅಪರ್ಚರ್ ಎಫ್/5.6ಕ್ಕಿಂತ ಅಗಲ ಬೇಡ, ಐಎಸ್ಒ ಏರಿದರೆ ಏರಲಿ. ತುದಿಯಲ್ಲಿ ಆದಷ್ಟು ತೆಳ್ಳಗಿನವರನ್ನೇ ನಿಲ್ಲಿಸಿ, ವೈಡ್ ಲೆನ್ಸು ಅಲ್ಲಿ ಮುಖವನ್ನೂ ಎಳೆದು ಅಗಲ ಮಾಡುತ್ತದೆ.

ಪರೀಕ್ಷೆ ಮಾಡಿ ಸಿಕ್ಕಿದ್ದನ್ನು ಬರೆದಿಡಿ. ಆರು ತಿಂಗಳ ಮೇಲೆ ನೆನಪಿರುವುದಿಲ್ಲ. ನನ್ನ 24ರ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಅಕ್ಷರ ಮಾಸಿದೆ, ಆದರೂ ಓದಬಹುದು: ‘ಕಾಮನಬಿಲ್ಲು. 3 ಮೀ.ಗೆ ಮೂಲೆ 2.4. ಅನಂತಕ್ಕೆ ಮೂಲೆ 12. ಎಫ್/8ಕ್ಕೆ ಸರಿ. ಗುಂಪಾದರೆ ಚಿಕ್ಕಪ್ಪನನ್ನು ಒಂದು ಹೆಜ್ಜೆ ಮುಂದೆ ಕರೆ.’